ತೆರಿ ಡಿಸೈನ್ ಹೆಣಿಲಾಕ ಕುಂತೀನಿ, 60 ಫಂದಾ ಇದ್ದದ್ದು 69 ಹೆಂಗಾದ್ವು?

ಉಲನ್_ಉಂಡಿ, ಕಲಬುರಗಿ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಹೆಣಿಗಿಗೆ ಹೊಸಬಾಕಿ, ಪ್ರಶ್ನಿ ಸಣ್ಣದು ಅನ್ನಿಸಿದ್ರ ನಗಬ್ಯಾಡ್ರಿ. ಹೋದ ವರ್ಷ ಥಂಡ್ಯಾಗ ಯೂಟ್ಯೂಬ್ ನೋಡಿ ಸೀದಾ ಉಲ್ಟಾ ಎರಡೂ ಕಲತೆ, ಒಂದು ಮಫ್ಲರ್ ಮುಗಿಸ್ದೆ, ಅದು ಒಂದು ಕಡಿ ಅಗಲ ಒಂದು ಕಡಿ ಸಣ್ಣ ಆಗ್ಯದ, ಆದ್ರೂ ನಮ್ಮ ಅಪ್ಪಾಜಿ ಅದನ್ನೇ ಸುತ್ಕೊಂಡು ವಾಕಿಂಗ್ ಹೋಗ್ತಾರ, ಯಾರರ ಕೇಳಿದ್ರ ಅದು ಡಿಸೈನೇ ಹಂಗದ ಅಂತಾರ.

ಈಗ ನಮ್ಮ ಅಕ್ಕಗ ಡಿಸೆಂಬರದಾಗ ಡೇಟ್ ಕೊಟ್ಟಾರ. ಕೂಸಿಗಿ ಹೊಚ್ಲಾಕ ಒಂದು ಸಣ್ಣ ಬ್ಲ್ಯಾಂಕೆಟ್ ಮಾಡ್ಬೇಕಂತ ಮನಸ್ಸು. ಒಂದು ವಿಡಿಯೋದಾಗ ನೀರಿನ ತೆರಿ ಹಂಗ, ಬೀಸಣಿಕಿ ಹಂಗ ಒಂದು ಡಿಸೈನ್ ನೋಡ್ದೆ, ಫೆದರ್ ಆಂಡ್ ಫ್ಯಾನ್ ಅಂತ ಹೆಸರು, ನಾಕೇ ಸಾಲಿಂದು, ಹೊಸಬರಿಗಿ ಸರಳ ಅಂತ ಆ ಬಾಯಿ ಹೇಳಿದ್ರು. ಸರಳ ಅಂತ ಅವರಿಗಿ ಯಾರು ಹೇಳ್ಯಾರೋ ಗೊತ್ತಿಲ್ಲ.

ನಾ ಏನ್ ಮಾಡ್ದೆ ಅಂದ್ರ ಮೊದ್ಲು ಸ್ಯಾಂಪಲ್ ಅಂತ 60 ಫಂದಾ (ಸೂಜಿ ಮ್ಯಾಲಿನ ಕುಣಿಕಿ) ಹಾಕ್ದೆ, ಆ ಕಡಿ ಮೂರು ಈ ಕಡಿ ಮೂರು ಅಂಚಿಗಿ ಬಿಟ್ಟೆ, ನಡುವ 54. ಒಂದನೇ ಸಾಲು ಸೀದಾ, ಎರಡನೇದು ಉಲ್ಟಾ, ಮೂರನೇ ಸಾಲಿನಾಗ ಜಾಲಿ (ಸೂಜಿ ಮ್ಯಾಲ ದಾರ ಹಾಯಿಸಿ ಮಾಡೋ ತೂತು), ನಾಕನೇದು ಮತ್ತ ಸೀದಾ. ಜಾಲಿ ಸಾಲಿಗಿ ವಿಡಿಯೋದ ಕೆಳಗ "3 ಜೋಡಿ, 6 ಜಾಲಿ, 3 ಜೋಡಿ, ರಿಪೀಟ್" ಅಂತ ಬರ್ದಾರ, ಜೋಡಿ ಅಂದ್ರ ಎರಡು ಫಂದಾ ಕೂಡಿಸಿ ಒಂದು ಮಾಡಿ ಹೆಣಿಯೋದು. ಅದೇ ಮಾಡೀನಿ, ಆದ್ರ ಸಾಲು ಮುಗಿಸಿ ಎಣಸಿದ್ರ 69 ಫಂದಾ! ಬಿಚ್ಚಿ ಮತ್ತ ಮಾಡ್ದೆ, ಮತ್ತ 69. ಇರ್ಲಿ ಬಿಡು ಅಂತ ಹಂಗೇ ಮುಂದ ಹೋದೆ, ಮುಂದಿನ ಜಾಲಿ ಸಾಲಿನಾಗ ಕಡೀಕ ಮೂರು ಫಂದಾ ಉಳದ್ವು, ಅವನ್ನ ಏನ್ ಮಾಡ್ಬೇಕೋ ತಿಳೀಲಿಲ್ಲ, ಸಿಟ್ಟಿಗೆದ್ದು ಪೂರಾ ಬಿಚ್ಚಿಬಿಟ್ಟೆ. ಒಟ್ಟು ನಾಕು ಸಲ ಬಿಚ್ಚೀನ್ರಿ, ಉಲನ್ ಪೂರಾ ಕೂದಲಾ ಕೂದಲಾ ಎದ್ದು ಬೆಕ್ಕಿನ ಬಾಲ ಆದಂಗ ಆಗ್ಯದ.

ಇನ್ನೊಂದು, ವಿಡಿಯೋದಾಗ 8 ನಂಬರ್ ಸೂಜಿ ಅಂದಿದ್ರು, ನಾನೂ 8 ನಂಬರೇ ತಂದೀನಿ, ಆದ್ರೂ ಅವ್ರದು ಮೆತ್ತಗ ಇಳಿಬಿದ್ದಂಗ ಕಾಣ್ತದ, ನಂದು ರಟ್ಟಿನಂಗ ನಿಂತದ. ನನ್ ಕೈನೇ ಬಿಗಿ ಏನು? ಯಾರಿಗರ ತಿಳಿದಿದ್ರ ಹೇಳ್ರಿ, ಮನ್ಯಾಗ ಕೇಳೋಣಂದ್ರ ನಮ್ಮ ಆಯಿಗಿ ಕೌದಿ ಬಿಟ್ರ ಬ್ಯಾರೆ ಏನೂ ಬರಂಗಿಲ್ಲ.

ಸುಸ್ಲಾ_ಮಿರ್ಚಿ, ಕಲಬುರಗಿ:

ಅಕ್ಕಾ ಇದಕ್ಯಾಕ ಇಷ್ಟ ತಲಿ ಕೆಡಿಸ್ಕೊಳ್ತೀರಿ, 9 ಹೆಚ್ಚಾಗ್ಯಾವ ಅಂದ್ರ ನಾಕನೇ ಸಾಲಿನಾಗ ಅಲ್ಲಲ್ಲಿ ಒಂಬತ್ತು ಕಡಿ ಎರಡೆರಡು ಕೂಡಿಸಿ ಹೆಣದ್ಬಿಡ್ರಿ, 60 ಆಗ್ತಾವ, ಲೆಕ್ಕ ಸರಿ. ನಾ ಸ್ವೆಟರಿನ ತೋಳಿಗಿ ಹಂಗೇ ಮಾಡೀನಿ, ಯಾರಿಗೂ ಗೊತ್ತಾಗಿಲ್ಲ.

ಬೀದರ್_ಕಾಕು:

ಸುಸ್ಲಾ ತಮ್ಮಾ, ನಿನ್ನ ತೋಳಿನ ಸುದ್ದಿ ಬ್ಯಾರೆ, ಇದು ಬ್ಯಾರೆ. ಇದರಾಗ ಹಂಗ ಮಾಡಿದ್ರ ತೆರಿ ಒಂದರ ಮ್ಯಾಲ ಒಂದು ಕೂಡಂಗಿಲ್ಲ, ಒಂದು ಸಾಲಿನ ಬೀಸಣಿಕಿ ಇಲ್ಲಿ, ಮುಂದಿನ ಸಾಲಿಂದು ಅಲ್ಲಿ, ಜಾತ್ರಿಯೊಳಗ ಕೈ ಬಿಟ್ಟ ಹುಡುಗರಂಗ ಆಗ್ತದ.

ಉಲನ್ ತಂಗಿ, ನೀ 69 ಅಂದಕೂಡ್ಲೆ ನನಗ ಎಲ್ಲಿ ತಪ್ಪ್ಯದ ಅಂತ ಹೊಳೀತು, ಆದ್ರ ಮೊದ್ಲು ಒಂದು ಕೇಳ್ತೀನಿ. ಬಿಚ್ಚೋಕಿಂತ ಮುಂಚೆ ಫೋಟೋ ತೆಗೆದಿದ್ದಿ ಅಂದ್ರ ನೋಡು, ಒಂದು ಸಾಲಿನಾಗ ಬೀಸಣಿಕಿ ಎಷ್ಟು ಬಂದಾವ? ಮೂರು ಬರಬೇಕು. ನಿಂಗ ನಾಕು ಬಂದಾವ ಅಂತ ನಾ ಇಲ್ಲೇ ಕುಂತು ಹೇಳ್ತೀನಿ.

ಯಾಕ ಅಂದ್ರ ನೀ "3 ಜೋಡಿ, 6 ಜಾಲಿ" ಇಷ್ಟನ್ನೇ ರಿಪೀಟ್ ಅಂತ ತಿಳ್ಕೊಂಡಿ, ಕಡೀ 3 ಜೋಡಿ ಸಾಲು ಮುಗಿಸ್ಲಾಕ ಒಂದೇ ಸಲ ಮಾಡೋದು ಅಂತ ತಿಳ್ಕೊಂಡಿ. ಲೆಕ್ಕ ಹಾಕು. 3 ಜೋಡಿ ಅಂದ್ರ ಆರು ಫಂದಾ ಕೂಡಿ ಮೂರು ಆಗ್ತಾವ. 6 ಜಾಲಿ ಅಂದ್ರ ಒಂದು ಜಾಲಿ ಒಂದು ಸೀದಾ, ಹಿಂಗ ಆರು ಸಲ, ಆರು ಫಂದಾ ಹನ್ನೆರಡು ಆಗ್ತಾವ. ಅಂದ್ರ 12 ಫಂದಾ ತಿಂದು 15 ಉಗುಳ್ತು. ಅದನ್ನ ನಾಕು ಸಲ ಮಾಡಿದ್ರ 48 ಖರ್ಚಾಗಿ 60 ಬಂತು, 54ರಾಗ ಉಳಿದದ್ದು ಆರು, ಅದನ್ನ ನೀ 3 ಜೋಡಿ ಮಾಡಿ ಮುಗಿಸಿದಿ, ಅದು ಮೂರು. 63 ಆತು, ಅಂಚಿಂದು ಆರು ಕೂಡಿಸು. 69! ಮುಂದಿನ ಸಲ ನಡುವ 63 ಇದ್ವಲ್ಲ, ಹನ್ನೆರಡು ಐದ್ಲೆ ಅರವತ್ತು, ಕಡೀಕ ಮೂರು ಉಳದ್ವು ಅಂತ ನೀನೇ ಬರ್ದಿ.

ಖರೇ ರಿಪೀಟ್ ಅಂದ್ರ ಪೂರಾ ಹದಿನೆಂಟರದು. 3 ಜೋಡಿ, 6 ಜಾಲಿ, 3 ಜೋಡಿ, ಇಲ್ಲಿಗಿ ಒಂದು ಮುಗೀತು. ಎರಡನೇದು ಮತ್ತ 3 ಜೋಡಿಯಿಂದ ಶುರು. ಹಂಗಾಗಿ ಎರಡು ಬೀಸಣಿಕಿ ನಡುವ ಮೂರಲ್ಲ, ಆರು ಜೋಡಿ ಒಂದಕ್ಕೊಂದು ಹತ್ತಿ ಬರ್ತಾವ. ಸಾಲಿನ ಶುರುದಾಗ ಮೂರು, ಕಡೀಕ ಮೂರು, ನಡುವ ಎಲ್ಲಾ ಕಡಿ ಆರು. ವಿಡಿಯೋದವರು ಬರೇ 18 ಫಂದಾದ ತುಣುಕು ಹೆಣದು ತೋರಿಸಿರ್ತಾರ, ಅದರಾಗ ನಡುವು ಅನ್ನೋದೇ ಇರಂಗಿಲ್ಲ, ಹೊಸಬರು ಎಲ್ಲಾರೂ ಇಲ್ಲೇ ಬೀಳ್ತಾರ. ನಾನೂ ಬಿದ್ದೀನಿ, ನಂದು ಶಾಲು ಇತ್ತು, ಎರಡು ವಾರ ಹೆಣದ ಮ್ಯಾಲ ಗೊತ್ತಾತು, ಆ ಮಾತು ಬ್ಯಾಡ ಬಿಡು.

ಸರಿ ಹೆಣದ್ರ ನಿನ್ನ ಸಾಲಿನಾಗ ಜೋಡಿ 18, ಜಾಲಿ 18. ಎಷ್ಟು ಕಳೀತೋ ಅಷ್ಟೇ ಬಂತು, ಅದಕ್ಕೇ ಫಂದಾ ಸಂಖ್ಯಾ ಬದಲಾಗಂಗಿಲ್ಲ. ನೀ ಮಾಡಿದ್ದರಾಗ ಜೋಡಿ 15, ಜಾಲಿ 24. ಜೋಡಿ ಬಂದಲ್ಲಿ ಬಟ್ಟಿ ಜಗ್ಗಿ ಕುಗ್ತದ, ಜಾಲಿ ಬಂದಲ್ಲಿ ಅರಳ್ತದ, ಆ ಜಗ್ಗಾಟದಿಂದಲೇ ತೆರಿ ಏಳೋದು.

ಈಗ ಒಂದು ಕೆಲಸ ಮಾಡು. ಬ್ಯಾರೆ ಬಣ್ಣದ ದಾರದ ಸಣ್ಣ ಸಣ್ಣ ಉಂಗುರ ಮಾಡಿ 18 ಫಂದಾಕ್ಕೊಂದು ಸೂಜಿ ಮ್ಯಾಲ ಏರಿಸು. ಉಂಗುರ ಬಂದಾಗೆಲ್ಲಾ ಆ ಹದಿನೆಂಟನ್ನ ಎಣಿಸಿ ಮುಂದ ಹೋಗು. ಸಾಲು ಪೂರಾ ಮುಗಿಸಿ ಆಮ್ಯಾಲ ಎಣಿಸೋದು ಅಂದ್ರ ಬಸ್ ಹೋದ ಮ್ಯಾಲ ಕೈ ಮಾಡಿದಂಗ. ಅಂಗಡ್ಯಾಗ ಪ್ಲಾಸ್ಟಿಕ್ ಮಾರ್ಕರ್ ಸಿಗ್ತಾವ, ಖರ್ಚು ಮಾಡಬ್ಯಾಡ, ದಾರ ಸಾಕು.

ಜಾಲಿ ಹೆಂಗ ಹಾಕ್ಲಾಕತ್ತಿ ಅದನ್ನೂ ನೋಡ್ಕೊ. ದಾರ ಎರಡು ಸೂಜಿ ನಡುವಿಂದ ಮುಂದ ತಗೊಂಡ್ ಬಾ, ಅಲ್ಲೇ ಬಿಟ್ಟು ಮುಂದಿನ ಫಂದಾ ಸೀದಾ ಹೆಣಿ, ದಾರ ತಾನೇ ಸೂಜಿ ಮ್ಯಾಲಿಂದ ಹಾಯ್ದು ಹಿಂದ ಹೋಗ್ತದ, ಅದೇ ಜಾಲಿ. ಕೆಲವ್ರು ದಾರ ಮುಂದ ತಂದು ಮತ್ತ ಸೂಜಿ ನಡುವಿಂದಲೇ ಹಿಂದ ಒಯ್ದು ಹೆಣೀತಾರ, ಅಲ್ಲಿ ಜಾಲಿನೇ ಬೀಳಂಗಿಲ್ಲ, ಬಂದ ದಾರಿ ಹಿಡದು ವಾಪಸ್ ಹೋಗ್ಯದ ಅಷ್ಟೇ. ಇನ್ನ ನಾಕನೇ ಸಾಲಿನಾಗ ಆ ಜಾಲಿ ದಾರ ಸೂಜಿ ಮ್ಯಾಲ ಸಡ್ಲಾಗಿ ಅಡ್ಡ ಮಲಗಿರ್ತದ, ಅದನ್ನ ಫಂದಾ ಅಂತ ತಿಳೀದೆ ಕೆಳಗ ಬಿಡಬ್ಯಾಡ. ಅದರ ಮುಂದಿನ ಕಾಲಿನಾಗ ಸೂಜಿ ಹಾಕಿ ಹೆಣಿ, ಹಿಂದಿನ ಕಾಲಿನಾಗ ಹಾಕಿದ್ರ ದಾರ ತಿರುಚಿ ತೂತು ಮುಚ್ತದ.

ಸಲಾಯಿ_ಫೌಜಿ, ಯಾದಗಿರಿ:

ಕಾಕು ಲೆಕ್ಕ ಭಾರಿ ಹಾಕ್ಯಾರ, ನಾ ಎರಡು ಸಲ ಓದಿ ಪೆನ್ನು ಹಿಡದು ಬರ್ಕೊಂಡೆ, ಕರೆಕ್ಟ್ ಅದ. ಸೂಜಿ ನಂಬರಿಂದು ನಾ ಹೇಳ್ತೀನಿ. ಮೊದ್ಲೇ ಹೇಳಿಬಿಡ್ತೀನಿ ನಾ ಗಂಡಸ್ ಮನಶಾ, ರಿಟೈರ್ಡ್ ಫೌಜಿ, ಹಿಮಾಚಲದ ಕಡಿ ಪೋಸ್ಟಿಂಗ್ ಇದ್ದಾಗ ಅಲ್ಲಿ ಹೆಣ್ಮಕ್ಕಳು ಬಸ್ ಕಾಯ್ತಾ ನಿಂತಲ್ಲೇ ಹೆಣೀತಿದ್ರು, ನೋಡ್ನೋಡ್ತಾ ಕಲತೆ. ನಮ್ಮೂರಾಗ ಕಟ್ಟಿ ಮ್ಯಾಲ ಕುಂತು ಹೆಣದ್ರ ಮೊದಮೊದ್ಲು ಮಂದಿ ನಕ್ಕರು, ಈಗ ಟೊಪಗಿ ಮಾಡಿ ಕೊಡ್ರಿ ಅಂತ ಅವರೇ ಬರ್ತಾರ.

ಉಲನ್ ಅವರೇ, ನಿಮ್ ವಿಡಿಯೋ ಅಮೆರಿಕಾದ ಡಿಸೈನ್ ನೋಡಿ ಮಾಡಿದ್ದು ಇರಬೇಕು. ನಮ್ಮ ಅಂಗಡ್ಯಾಗ ಸಿಗೋ ಸೂಜಿ ಮ್ಯಾಲಿನ ನಂಬರ್ ಹಳೇ ಬ್ರಿಟಿಷ್ ನಂಬರ್. ಅದರಾಗ ನಂಬರ್ ದೊಡ್ಡದಾದಂಗ ಸೂಜಿ ಸಣ್ಣ ಆಗ್ತದ. 8 ನಂಬರ್ ಅಂದ್ರ 4 ಎಂಎಂ, 10 ಅಂದ್ರ 3.25, 12 ಅಂದ್ರ 2.75. ಅಮೆರಿಕಾದ್ದು ಪೂರಾ ಉಲ್ಟಾ, ನಂಬರ್ ದೊಡ್ಡದಾದಂಗ ಸೂಜಿ ದಪ್ಪ, ಅಲ್ಲಿ 8 ಅಂದ್ರ 5 ಎಂಎಂ. ಅವರು 5ರಾಗ ಹೆಣದಾರ, ನೀವು 4ರಾಗ, ಅದಕ್ಕೇ ನಿಮ್ದು ರಟ್ಟು. ನಿಮ್ ಕೈ ಬೈಬ್ಯಾಡ್ರಿ. ನಮ್ಮ ನಂಬರಿನಾಗ 5 ಎಂಎಂ ಬೇಕಂದ್ರ 6 ನಂಬರ್ ಕೇಳ್ರಿ, 4.5 ಬೇಕಂದ್ರ 7. ಇಲ್ಲಾ ನಂಬರ್ ಬಿಟ್ಟು ಎಂಎಂ ಮ್ಯಾಲೇ ಕೇಳ್ರಿ, ಜಗಳೇ ಇಲ್ಲ. ಹಳೇ ಸೂಜಿ ಮ್ಯಾಲ ನಂಬರ್ ಅಳಿಸಿ ಹೋಗಿದ್ರ ಬಡಿಗ್ಯಾನ ಹಂತೇಲಿ ಹೋಗಿ ಒಂದು ಪ್ಲೈವುಡ್ ತುಂಡಿನಾಗ 4, 4.5, 5 ಎಂಎಂ ಡ್ರಿಲ್ ಹೊಡಿಸ್ಕೊಂಡ್ ಬರ್ರಿ, ಯಾವ ತೂತಿನಾಗ ಸೂಜಿ ಸರಿಯಾಗಿ ಕೂಡ್ತದೋ ಅದೇ ಅದರ ಸೈಜು. ನಂದು ಹನ್ನೆರಡು ವರ್ಷದಿಂದ ಅದೇ ನಡದದ.

ಇನ್ನ ಬಿಚ್ಚೋ ಸುದ್ದಿ. ನಾಕು ಸಲ ಪೂರಾ ಬಿಚ್ಚಿದ್ದು ನೋಡಿ ಮನಸ್ಸಿಗಿ ಕಷ್ಟ ಆಯ್ತು. ಜಾಲಿ ಹೆಣಿಗಿ ಬಿಚ್ಚಿದ್ರ ಮತ್ತ ಸೂಜಿ ಮ್ಯಾಲ ಫಂದಾ ಏರಿಸೋದು ಕಠಿಣ, ಜಾಲಿ ಯಾವ್ದು ಫಂದಾ ಯಾವ್ದು ತಿಳೀಯಂಗಿಲ್ಲ. ಅದಕ್ಕ ಒಂದು ಕಾವಲು ದಾರ ಹಾಕ್ರಿ. ಎರಡನೇ ಸಾಲು ಅಂದ್ರ ಉಲ್ಟಾ ಸಾಲು ಮುಗಿದ ಮ್ಯಾಲ, ಎಣಿಸಿ 60 ಸರಿ ಅವ ಅಂದ ಮ್ಯಾಲ, ಮೊಂಡ ಸೂಜ್ಯಾಗ ಬ್ಯಾರೆ ಬಣ್ಣದ ನುಣುಪು ದಾರ ಪೋಣಿಸಿ ಸೂಜಿ ಮ್ಯಾಲಿದ್ದ ಎಲ್ಲಾ ಫಂದಾದಾಗ ಹಾಯಿಸಿ ಬಿಡ್ರಿ, ನಿಮ್ ಉಂಗುರದಾಗ ಮಾತ್ರ ಹಾಯಿಸಬ್ಯಾಡ್ರಿ, ಅವು ಸಿಕ್ಕಿ ಬೀಳ್ತಾವ. ಮುಂದ ತಪ್ಪಾದ್ರ ಸೂಜಿ ಕಿತ್ತು ಜಗ್ಗ್ರಿ, ಆ ದಾರದ ತನಕ ಬಂದು ತಾನೇ ನಿಲ್ತದ. ಆಯಿಗಿ ಕೌದಿ ಬರ್ತದ ಅಂದ್ರಲ್ಲ, ಅವರ ಕೌದಿ ಸೂಜಿ ಚೂಪು ಇದ್ರ ಉಲನ್ ಎಳಿ ಸೀಳ್ತದ, ಮೂಗಿನ ಕಡಿ ಬಿಟ್ಟು ಕಣ್ಣಿನ ಕಡಿಯಿಂದ ಹಾಯಿಸ್ರಿ, ನಡೀತದ.

ಬೀದರ್_ಕಾಕು:

ಫೌಜಿ ಅಣ್ಣೋರು ಹೇಳಿದ್ದೆಲ್ಲಾ ಖರೆ, ಆದ್ರ ಒಂದು ಮಾತು. 5 ಎಂಎಂ ಬ್ಯಾಡ. ಇದು ಕೂಸಿಗಿ. ತೂತು ದೊಡ್ಡದಾದ್ರ ಕೂಸಿನ ಬೆರಳು ಹೊಕ್ಕಿ ಸಿಕ್ಕಾಕೊಳ್ತಾವ, ಹುಟ್ಟಿದ ಕೂಸು ಕೈಕಾಲು ಬಡಕೊಳ್ತದಲ್ಲ.

ಸಲಾಯಿ_ಫೌಜಿ, ಯಾದಗಿರಿ:

ಇದು ಒಪ್ಪಿದೆ ಕಾಕು, ನಾ ದೊಡ್ಡವರ ಶಾಲು ಲೆಕ್ಕದಾಗ ಹೇಳ್ದೆ. ಹಂಗಾದ್ರ 4.5? ಮೊದಲು ಗಂಟು ಹಾಕೋ ಸಾಲಿಗಿ ಮಾತ್ರ 5 ಹಿಡೀಲಿ, ಯಾಕಂದ್ರ ಈ ಡಿಸೈನಿನಾಗ ಕೆಳಗಿನ ಅಂಚು ಸುದ್ದಾ ತೆರಿ ಆಗಿ ಬಾಗ್ತದ, ಹಾಕೋ ಸಾಲು ಬಿಗಿ ಆದ್ರ ಬಾಗಂಗಿಲ್ಲ, ಜಗ್ಗಿ ಹಿಡೀತದ.

ಬೀದರ್_ಕಾಕು:

4.5 ಸರಿ. ಮತ್ತ ತಂಗಿ, ಹೊಚ್ಲಾಕ ಅಂತೀ, ಮಲಗಿದ ಕೂಸಿನ ಮಾರಿ ಹತ್ರ ಸಡ್ಲ ಬಟ್ಟಿ ಬಿಡಬ್ಯಾಡ ಅಂತ ಡಾಕ್ಟರ್ ಎಲ್ಲಾರೂ ಹೇಳ್ತಾರ, ಕೂಸನ್ನ ಎತ್ಕೊಂಡು ಹೊರಗ ಹೋಗುವಾಗ ಸುತ್ಲಾಕ ಇಟ್ಕೋರಿ. ಬೆರಳಿನ ಚಿಂತಿ ಪೂರಾ ಹೋಗಬೇಕಂದ್ರ ಹಿಂದ ಒಂದು ಮೆತ್ತನ ಮಲ್ ಬಟ್ಟಿ ಅಸ್ತರ ಕೊಡು, ಅದು ನಿಮ್ಮ ಆಯಿ ಕೆಲಸ, ಕೌದಿ ಹೊಲಿಯೋರಿಗಿ ಅಸ್ತರ ಯಾವ ಲೆಕ್ಕ.

ಸುಸ್ಲಾ_ಮಿರ್ಚಿ, ಕಲಬುರಗಿ:

ಕಾಕು ನನ್ನ ತೋಳಿಗಿ ಬೈದ್ರಿ, ಇರ್ಲಿ. ಒಂದು ಡೌಟ್, ಈ ಡಿಸೈನ್ ಎಲ್ಲಿಂದು? ನಮ್ ಕಡಿ ಸ್ವೆಟರಿನಾಗ ಕಂಡಿಲ್ಲ.

ಸಲಾಯಿ_ಫೌಜಿ, ಯಾದಗಿರಿ:

ಸ್ಕಾಟ್ಲೆಂಡಿನ ಉತ್ತರಕ್ಕ ಸಮುದ್ರದಾಗ ಶೆಟ್ಲೆಂಡ್ ಅಂತ ದ್ವೀಪ ಅವ, ಅಲ್ಲಿಂದು. ಅಲ್ಲಿ ಹೆಣ್ಮಕ್ಕಳು ಹ್ಯಾಪ್ ಅನ್ನೋ ಉಣ್ಣಿ ಶಾಲಿನ ಅಂಚಿಗಿ ಹೆಣೀತಿದ್ರು, ಅವರು ಕರಿಯೋದು ಓಲ್ಡ್ ಶೇಲ್ ಅಂತ. ಹೊರಗಿನವರು ಫೆದರ್ ಆಂಡ್ ಫ್ಯಾನ್ ಅಂತ ಹೇಳಿ ಹೇಳಿ ಎರಡೂ ಹೆಸರು ಕಲಸಿಹೋಗ್ಯಾವ. ಹುಡುಕುವಾಗ ಎರಡೂ ಹೆಸರು ಹಾಕ್ರಿ. ತೆರಿಗೊಂದು ಬಣ್ಣ ಬದಲಿ ಮಾಡ್ತಾ ಹೋದ್ರ ಮಸ್ತ್ ಕಾಣ್ತದ, ನಾಕು ಸಾಲಿಗೊಂದು ಬಣ್ಣ, ಒಂದನೇ ಸಾಲಿನಾಗ ಬದಲಿ ಮಾಡ್ಬೇಕು.

ಉಲನ್_ಉಂಡಿ, ಕಲಬುರಗಿ:

ಕಾಕೂ!! ಫೋಟೋ ನೋಡ್ದೆ, ನಾಕೇ ಬಂದಾವ ಬೀಸಣಿಕಿ! ನಾ ನಾಕು ಬಂದಾವಂತ ಖುಷಿಯಿಂದ ಅಕ್ಕಗ ವಾಟ್ಸಾಪ್ ಮಾಡಿದ್ದೆ ಮತ್ತ. ನೀವು ಬೀದರದಾಗ ಕುಂತು ನನ್ ಸೂಜಿ ಮ್ಯಾಲಿನ ಫಂದಾ ಎಣಿಸಿದ್ರಿ ಅಂತ ನಮ್ಮ ಅವ್ವಗ ಹೇಳಿದ್ರ ಅಕಿ ನಂಬವಲ್ಲಳು.

ನಿನ್ನೆ ಸೂಪರ್ ಮಾರ್ಕೆಟ್ ಕಡಿ ಹೋಗಿ 7 ನಂಬರ್ ಸೂಜಿ ತಂದೆ. ಅಂಗಡಿ ಹುಡುಗ 7 ಇಲ್ಲ 9 ತಗೊಳ್ರಿ ಅದು ಇನ್ನೂ ದಪ್ಪ ಅಂದ, ನಾ ಫೌಜಿ ಕಾಕಾ ಹೇಳಿದ್ದು ನೆನಸ್ಕೊಂಡು ಎರಡೂ ಕೈಯಾಗ ಹಿಡದು ತೋರಿಸ್ದೆ, ಒಂದು ನಿಮಿಷ ಸುಮ್ನಾಗಿ ಒಳಗಿಂದ ತಂದು ಕೊಟ್ಟ. ಕಾಕು ಹೇಳಿದ್ದು 4.5 ಅಂದ್ರ 7ನೇ ಹೌದಲ್ರಿ? ಈಗ ಹಾಕಿ ಆಗ್ಯದ, ಅದಕ್ಕ ಕೇಳ್ತೀನಿ.

ರಾತ್ರಿ ಕುಂತು ಮೂರು ಉಂಗುರ ಕೆಂಪು ದಾರದ್ದು ಮಾಡಿ ಏರಿಸ್ದೆ. ಮೊದಲ ಬೀಸಣಿಕಿ ಆಯ್ತು, 18. ನಡುವಿನ ಆರು ಜೋಡಿ ಬಂದಾಗ ಕೈ ನಡುಗ್ತಿತ್ರಿ, ಮೂರು ಆದಕೂಡ್ಲೆ ಕೈ ತಾನೇ ಜಾಲಿ ಹಾಕ್ಲಾಕ ಹೋಗ್ತದ, ಬಾಯಿಲೆ ಗಟ್ಟಿಯಾಗಿ ಒಂದು ಎರಡು ಅಂತ ಆರರ ತನಕ ಎಣಿಸ್ದೆ, ನಮ್ಮ ಆಯಿ ಏನ್ ಜಪ ಮಾಡ್ಲಾಕತ್ತಿ ಅಂದಳು. ಕಡೀಕ 60. ಮತ್ತ ಎಣಿಸ್ದೆ, 60! ನಾಕನೇ ಸಾಲಿನಾಗ ಒಂದು ಜಾಲಿ ಬಿಟ್ಟು 59 ಆಗಿತ್ತು, ಆದ್ರ ಉಂಗುರ ಇದ್ದದ್ದಕ್ಕ ಎರಡನೇ ಹದಿನೆಂಟರಾಗೇ 17 ಅಂತ ಸಿಕ್ತು, ಸೂಜಿ ತುದಿಲೆ ಕೆಳಗ ಬಿದ್ದ ದಾರ ಎತ್ತಿ ಹಾಕ್ದೆ, ಬಿಚ್ಚಲಿಲ್ಲ.

ಈಗ ಮೂರು ತೆರಿ ಆಗ್ಯಾವ, ಸ್ಯಾಂಪಲ್ ಮೆತ್ತಗ ಅದ. ಇನ್ನ ಎರಡು ಕೇಳೋದದ. ದೊಡ್ಡದಕ್ಕ ಎಷ್ಟು ಫಂದಾ ಹಾಕ್ಲಿ? ಮತ್ತ ಬದಿಗಳು ಸುರುಳಿ ಸುತ್ತಂಗ ಅನ್ಸ್ತದ, ಇಸ್ತ್ರಿ ಮಾಡಿದ್ರ ನಡೀತದೇನು?

ಬೀದರ್_ಕಾಕು:

ಹೌದು 7ನೇ ಸರಿ. ಇಸ್ತ್ರಿ ಮುಟ್ಟಿಸ್ಬ್ಯಾಡ! ನಿಂದು ಅಕ್ರಿಲಿಕ್ ಅಲ್ಲ? ಲೇಬಲ್ ನೋಡು. ಅಕ್ರಿಲಿಕ್ ಮ್ಯಾಲ ಬಿಸಿ ಇಸ್ತ್ರಿ ಇಟ್ರ ಎಳಿ ಕರಗಿ ಚಪ್ಪಟಿ ಆಗಿ ಒಣ ಹಪ್ಪಳ ಆಗ್ತದ, ಮತ್ತ ಮೊದಲಿನಂಗ ಬರಂಗಿಲ್ಲ. ನಮ್ಮ ಪೈಕಿ ಒಬ್ಬಾಕಿ ಮದಿವಿಗಿ ಮಾಡಿದ ಶಾಲು ಹಂಗೇ ಹಾಳಾಗ್ಯದ, ಅಳಕೋತ ಕುಂತಿದ್ಳು. ಖರೇ ಉಣ್ಣಿ ಇದ್ರ ನೀರಾಗ ನೆನೆಸಿ ಟವೆಲ್ಲಿನಾಗ ಹಿಂಡದೆ ಒತ್ತಿ, ಹಾಸಿಗಿ ಮ್ಯಾಲ ಟಾಚಣಿ ಚುಚ್ಚಿ ತೆರಿ ತೆರಿ ಎಳದು ಒಣಗಿಸಿದ್ರ ಹೂವಿನಂಗ ಅರಳ್ತದ. ಅಕ್ರಿಲಿಕ್‌ಗ ನೀರಿಂದು ಅಷ್ಟು ನಾಟಂಗಿಲ್ಲ, ಟಾಚಣಿ ಚುಚ್ಚಿ ಮ್ಯಾಲಿಂದ ಒಂದು ಗೇಣು ದೂರ ಹಿಡದು ಹಬಿ ಹಾಯಿಸು, ಮುಟ್ಟಿಸದೆ. ಅಂಚಿನ ಮೂರು ಫಂದಾನೂ ಎಲ್ಲಾ ಸಾಲಿನಾಗ ಸೀದಾನೇ ಹೆಣಿ, ಉಲ್ಟಾ ಸಾಲಿನಾಗೂ, ಸುರುಳಿ ಅರ್ಧ ಕಡಿಮಿ ಆಗ್ತದ.

ಎಷ್ಟು ಫಂದಾ ಅಂತ ನಾ ಹೇಳೋದಲ್ಲ, ನಿನ್ನ ಸ್ಯಾಂಪಲ್ ಹೇಳ್ತದ. ಟೇಪ್ ಇಟ್ಟು ಒಂದು ಬೀಸಣಿಕಿ ಎಷ್ಟು ಇಂಚು ಅಗಲ ಅಂತ ಅಳಿ. ನಿಂಗ ಬೇಕಾದ ಅಗಲಕ್ಕ ಎಷ್ಟು ಬೀಸಣಿಕಿ ಬೇಕೋ ಅಷ್ಟು ಹದಿನೆಂಟು, ಅದಕ್ಕ ಆರು ಕೂಡಿಸು. ಎಂಟು ಬೇಕಂದ್ರ ಎಂಟು ಹದಿನೆಂಟ್ಲೆ 144, ಆರು ಕೂಡಿ 150. ಇಷ್ಟು ಫಂದಾ ಉದ್ದ ಸೂಜಿ ಮ್ಯಾಲ ಗಿಜಿಗಿಜಿ ಆಗಿ ತುದಿಯಿಂದ ಬಿದ್ದು ಹೋಗ್ತಾವ, ನಡುವ ವಯರ್ ಇರೋ ರೌಂಡ್ ಸೂಜಿ ತಗೋ, ರೌಂಡ್ ಅಂತ ಸುತ್ತು ಹೆಣಿಬ್ಯಾಡ, ಹೋಗಿ ಬಂದು ಹೋಗಿ ಬಂದು ಹೆಣಿ.

ಮತ್ತ ಒಮ್ಮಿಗೇ ಉಲನ್ ತಂದುಬಿಡು. ಲೇಬಲ್ ಮ್ಯಾಲ ಬಣ್ಣದ ನಂಬರ್ ಒಂದು, ಲಾಟ್ ನಂಬರ್ (ಯಾವ ಸಲ ಬಣ್ಣ ಅದ್ದಿದ್ದು ಅಂತ ತೋರಿಸೋದು) ಒಂದು ಇರ್ತದ, ಎರಡೂ ಎಲ್ಲಾ ಉಂಡಿ ಮ್ಯಾಲ ಒಂದೇ ಇರಬೇಕು. ಎಷ್ಟು ಬೇಕು ಅಂದ್ರ ಸ್ಯಾಂಪಲನ್ನ ಕಿರಾಣಿ ಅಂಗಡಿ ತಕಡ್ಯಾಗ ತೂಗಿಸು, ಅದರ ಅಗಲ ಉದ್ದ ಲೆಕ್ಕ ಹಾಕಿ ದೊಡ್ಡದಕ್ಕ ಎಷ್ಟು ಪಟ್ಟು ಆಗ್ತದ ನೋಡು, ಒಂದು ಉಂಡಿ ಹೆಚ್ಚಿಗಿ ತಗೋ.

ಉಲನ್_ಉಂಡಿ, ಕಲಬುರಗಿ:

ಅಯ್ಯೋ ಲಾಟ್ ನಂಬರ್ ಅಂದ್ರಲ್ಲ, ಈಗ ನೋಡ್ಲಾಕತ್ತೀನಿ, ಮೊದ್ಲು ತಂದ ನಾಕು ಹಳದಿ ಉಂಡ್ಯಾಗ ಮೂರು ಒಂದು ಲಾಟ್, ಒಂದು ಬ್ಯಾರೆ. ಅಂಗಡಿಯವ್ರು ಎಲ್ಲಾ ಒಂದೇ ಅಂತ ಹೇಳಿ ಕೊಟ್ಟಿದ್ರು. ಟ್ಯೂಬ್‌ಲೈಟಿನಾಗ ಒಂದೇ ಕಾಣ್ತದ, ಅಂಗಳದಾಗ ಬಿಸಿಲಿಗಿ ಹಿಡದ್ರ ಒಂದು ಲಿಂಬಿ ಹಣ್ಣು ಒಂದು ಅರಿಶಿಣ.

ಸಲಾಯಿ_ಫೌಜಿ, ಯಾದಗಿರಿ:

ಆ ಬ್ಯಾರೆ ಉಂಡಿ ಅಂಚಿಗಿ ಇಡ್ರಿ. ಶುರುದ ಒಂದು ತೆರಿ, ಕಡೀ ಒಂದು ತೆರಿ ಅದರಿಂದ ಹೆಣೀರಿ, ನಡುವ ಎಲ್ಲಾ ಮೂರು ಉಂಡಿದು. ಬೇಕಂತಲೇ ಮಾಡ್ಯಾರ ಅಂತ ಕಾಣ್ತದ. ಉಂಡಿ ಸಾಲದಿದ್ರ ನಡುವ ಬಿಳಿ ತೆರಿ ಒಂದೆರಡು ಹಾಕ್ರಿ.

ಉಲನ್_ಉಂಡಿ, ಕಲಬುರಗಿ:

ಆಯ್ತು ಕಾಕಾ. ಅಪ್ಪಾಜಿ ಈಗ್ಲೇ ಕೇಳ್ಯಾರ, ಆ ಸ್ಯಾಂಪಲ್ ಮುಗಿದ ಮ್ಯಾಲ ಏನ್ ಮಾಡ್ತಿ, ಅದೂ ಮಫ್ಲರಿನಷ್ಟೇ ಅಗಲ ಅದಲ್ಲ ಅಂತ.